ಸಾಹೇಬರು ಸೀಟು ಬಿಡದಿದ್ದರೆ ಕ್ಯಾಪ್ಟನ್ ಏನು ಮಾಡಬಹುದು?

ದೊಡ್ಡ ಮನುಷ್ಯರೊಬ್ಬರು ವಿಮಾನದಲ್ಲಿ ಸಿಬ್ಬಂದಿ ಜೊತೆ ಜಗಳಕ್ಕಿಳಿದರು ಎಂಬ ಸುದ್ದಿ ಬಂದಾಗಲೆಲ್ಲ ಓದುವವರಿಗೆ ಗೊಂದಲ. ಒಂದು ಚಾನೆಲ್ ‘ಇಳಿಸಿದರು’ ಎನ್ನುತ್ತದೆ, ಇನ್ನೊಂದು ‘ಅವರೇ ಇಳಿದು ಹೋದರು’ ಎನ್ನುತ್ತದೆ. ಸಂಜೆಗೆ ‘ನೋ ಫ್ಲೈ ಲಿಸ್ಟ್’ಗೆ, ಅಂದರೆ ವಿಮಾನ ಹತ್ತದಂತೆ ನಿಷೇಧಿಸಿದವರ ಪಟ್ಟಿಗೆ, ಹಾಕುತ್ತಾರಂತೆ ಎಂಬ ಮಾತು ಹರಡುತ್ತದೆ. ಮರುದಿನ ‘ವಿಷಯ ಬಗೆಹರಿದಿದೆ’ ಎಂಬ ಎರಡು ಸಾಲಿನ ಹೇಳಿಕೆ ಬರುತ್ತದೆ. ಅಷ್ಟರಲ್ಲಿ ಪಕ್ಷಗಳ ಬೆಂಬಲಿಗರು ಎರಡು ಗುಂಪಾಗಿರುತ್ತಾರೆ. ಆ ವಿಮಾನದಲ್ಲಿ ಯಾರ ಮಾತು ನಡೆಯಬೇಕಿತ್ತು ಎಂಬ ಮೂಲ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಉತ್ತರ ಕಾನೂನಿನಲ್ಲಿ ಸ್ಪಷ್ಟವಾಗಿದೆ. ವಿಮಾನದೊಳಗೆ ಕ್ಯಾಪ್ಟನ್ ಮಾತೇ ಕೊನೆ. ಶಾಸಕ, ಸಂಸದ, ಸಚಿವ, ಕಂಪನಿಯ ಮಾಲೀಕ, ಯಾರಿಗೂ ವಿನಾಯಿತಿ ಇಲ್ಲ. ಆದರೆ ಆ ಅಧಿಕಾರ ಬಳಸಿದ ಸಿಬ್ಬಂದಿಯ ಬೆನ್ನಿಗೆ, ವಿಮಾನ ನೆಲಕ್ಕಿಳಿದ ಮೇಲೆ ಯಾರು ನಿಲ್ಲುತ್ತಾರೆ? ತೊಡಕು ಇರುವುದು ಅಲ್ಲಿ.

ಬೆಳಗಾವಿಗೆ ಇದು ದೂರದ ಮಾತಲ್ಲ

ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಬಹಳ ವರ್ಷ ಇಲ್ಲಿಂದ ವಿಮಾನ ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. 2017ರಲ್ಲಿ ಸಾಂಬ್ರಾಕ್ಕೆ ಹೊಸ ಟರ್ಮಿನಲ್ ಬಂತು. ಆಮೇಲೆ ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಮಾರ್ಗಗಳು ಜಾಸ್ತಿಯಾದವು. ಚಳಿಗಾಲದ ಅಧಿವೇಶನ ಬಂತೆಂದರೆ 224 ಶಾಸಕರು, ಮೇಲ್ಮನೆಯ 75 ಸದಸ್ಯರು, ಕಾರ್ಯದರ್ಶಿಗಳು, ಆಪ್ತ ಸಹಾಯಕರೆಲ್ಲ ಈ ಕಡೆ ಮುಖ ಮಾಡುತ್ತಾರೆ. ಅವರಲ್ಲಿ ಅನೇಕರು ಬರುವುದು ವಿಮಾನದಲ್ಲೇ.

ಬಾಗಲಕೋಟೆಯವರು ವಿಮಾನ ಹತ್ತಬೇಕೆಂದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ವಿಜಯಪುರದ ಬುರಣಾಪುರದ ಬಳಿ ನಿಲ್ದಾಣದ ಕೆಲಸ ವರ್ಷಗಳಿಂದ ನಡೆದಿದೆ. ಅಂದರೆ ಈ ಮೂರು ಜಿಲ್ಲೆಗಳ ಮಟ್ಟಿಗೆ ವಿಮಾನಗಳು ಕಡಿಮೆ, ಅವುಗಳಲ್ಲಿ ಸೀಟುಗಳೂ ಕಡಿಮೆ, ಹತ್ತುವವರಲ್ಲಿ ‘ಸಾಹೇಬರು’ ಜಾಸ್ತಿ. ಇಂಥ ಊರಲ್ಲಿ ಸಿಬ್ಬಂದಿಗೂ ಗಣ್ಯರಿಗೂ ನಡುವಿನ ಗೆರೆ ಬೇಗ ಅಳಿಸಿಹೋಗುತ್ತದೆ. ಪ್ರತಿ ವಾರ ಅದೇ ಮುಖ, ಅದೇ ಮುಂದಿನ ಸೀಟು, ಅದೇ ‘ಸ್ವಲ್ಪ ಅಡ್ಜಸ್ಟ್ ಮಾಡ್ರಿ’.

ಬಾಗಿಲು ಮುಚ್ಚಿದ ಮೇಲೆ

‘ಹಾರಾಟ’ ಎಂದರೆ ಗಾಲಿ ನೆಲ ಬಿಟ್ಟ ಮೇಲೆ ಎಂದು ನಾವು ತಿಳಿಯುತ್ತೇವೆ. ಕಾನೂನಿನ ಲೆಕ್ಕ ಬೇರೆ. ಜನ ಹತ್ತಿ ಹೊರಬಾಗಿಲುಗಳೆಲ್ಲ ಮುಚ್ಚಿದ ಕ್ಷಣದಿಂದ, ಇಳಿಯಲು ಒಂದು ಬಾಗಿಲು ತೆರೆಯುವವರೆಗೆ ವಿಮಾನ ಹಾರಾಟದಲ್ಲಿದೆ ಎಂದೇ ಅರ್ಥ. 1963ರ ಟೋಕಿಯೋ ಒಪ್ಪಂದ ಕ್ಯಾಪ್ಟನ್‌ಗೆ ಅಧಿಕಾರ ಕೊಡುವಾಗ ಹೇಳುವುದು ಇದನ್ನೇ. ನಾಗರಿಕ ವಿಮಾನಯಾನದ ಸುರಕ್ಷತೆಗಾಗಿ ನಾವು 1982ರಲ್ಲಿ ಮಾಡಿಕೊಂಡ ಕಾಯ್ದೆಯೂ ಹಾಗೇ ಹೇಳುತ್ತದೆ. ಟೋಕಿಯೋ ಒಪ್ಪಂದಕ್ಕೆ ಭಾರತ 1975ರಲ್ಲಿ ಕಾಯ್ದೆ ಮೂಲಕ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ ಗಲಾಟೆ ಮಾಡುವವರನ್ನು ಕ್ಯಾಪ್ಟನ್ ಕಟ್ಟಿಹಾಕಿಸಬಹುದು, ಸಿಕ್ಕ ನಿಲ್ದಾಣದಲ್ಲಿ ಇಳಿಸಬಹುದು, ಪೊಲೀಸರಿಗೆ ಒಪ್ಪಿಸಬಹುದು. ಒಪ್ಪಂದದ ಚೌಕಟ್ಟಿನಲ್ಲಿ ನಡೆದುಕೊಂಡ ಸಿಬ್ಬಂದಿಯ ಮೇಲೆ ಆಮೇಲೆ ಕೇಸು ನಿಲ್ಲುವುದಿಲ್ಲ ಎಂಬ ರಕ್ಷಣೆಯೂ ಅದರಲ್ಲಿದೆ.

ಆದರೆ ಅದು ಮುಖ್ಯವಾಗಿ ದೇಶ ದಾಟುವ ಹಾರಾಟಗಳಿಗೆ. ಬೆಳಗಾವಿ–ಬೆಂಗಳೂರು ವಿಮಾನಕ್ಕೆ ಅನ್ವಯಿಸುವುದು ನಮ್ಮ 1937ರ ವಿಮಾನ ನಿಯಮಗಳು. ಅವುಗಳಲ್ಲಿ 141ನೇ ನಿಯಮ ವಿಮಾನದ ಮೇಲ್ವಿಚಾರಣೆಯ ಹೊಣೆಯನ್ನು ಕ್ಯಾಪ್ಟನ್ ತಲೆಗೆ ಕಟ್ಟುತ್ತದೆ. 22ನೇ ನಿಯಮ ಪ್ರಯಾಣಿಕರಿಗೆ ಸಂಬಂಧಿಸಿದ್ದು. ಸಿಬ್ಬಂದಿ ಮೇಲೆ ಕೈ ಮಾಡುವುದಷ್ಟೇ ಅಲ್ಲ, ಅವರ ಕೆಲಸಕ್ಕೆ ಅಡ್ಡಿಯಾಗುವಂತೆ ಬಾಯಿ ಮಾತಲ್ಲಿ ಹೆದರಿಸುವುದೂ ತಪ್ಪು. ಕ್ಯಾಪ್ಟನ್ ಕಡೆಯಿಂದ ಬಂದ ನ್ಯಾಯವಾದ ಸೂಚನೆ ಪಾಲಿಸದಿದ್ದರೂ ತಪ್ಪು. ಅಂದರೆ ‘ನಾ ಯಾರ ಅಂತ ಗೊತ್ತೈತೇನ್ ನಿನಗ?’ ಎಂದು ಗದರಿ, ಬೆಲ್ಟ್ ಹಾಕದೆ ಕೂತರೆ ನಿಯಮ ಮುರಿದಂತೆಯೇ. ಕೈ ಎತ್ತುವವರೆಗೆ ಕಾಯಬೇಕಿಲ್ಲ.

1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. 2025ರ ಜನವರಿ 1ರಿಂದ ಜಾರಿ. ಹಳೆಯ ಕಾಯ್ದೆಯ ಕೆಳಗಿನ ನಿಯಮಗಳು ಅದರಿಂದ ರದ್ದಾಗಲಿಲ್ಲ, ಮುಂದುವರಿದವು.

ಇನ್ನು ಗಣ್ಯರ ವಿನಾಯಿತಿ ವಿಚಾರ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳಿಗೆ ನಿಲ್ದಾಣದ ತಪಾಸಣೆಯಿಂದ ವಿನಾಯಿತಿ ಕೊಡುವ ಪಟ್ಟಿ ಇದೆ. ಸಂಸದರಿಗೆ ಲಾಂಜ್ ಸೌಲಭ್ಯ, ಮರ್ಯಾದೆಯ ಸೂಚನೆಗಳಿವೆ. ಇವೆಲ್ಲ ವಿಮಾನದ ಬಾಗಿಲವರೆಗೆ ಮಾತ್ರ. ಒಳಗಿನ ನಡವಳಿಕೆಗೆ ಅಂಥ ಪಟ್ಟಿಯೇ ಇಲ್ಲ. ಶಾಸನಸಭೆಯ ಸದಸ್ಯರ ಹಕ್ಕುಚ್ಯುತಿ ಅಸ್ತ್ರವೂ ಇಲ್ಲಿ ನಡೆಯಬಾರದು. ಆ ಹಕ್ಕುಗಳು ಸದನದ ಕೆಲಸಕ್ಕೆ ಸಂಬಂಧಿಸಿದ್ದು. ಬಂಧನದಿಂದ ಸಿಗುವ ರಕ್ಷಣೆ ಸಿವಿಲ್ ವ್ಯಾಜ್ಯಗಳಿಗೆ ಮಾತ್ರ, ಕ್ರಿಮಿನಲ್ ಪ್ರಕರಣಕ್ಕಲ್ಲ.

ಸೀಟು ಬದಲಿಸಿ ಎನ್ನುವುದು ಸುಮ್ನೆ ಅಲ್ಲ

ಸಾಂಬ್ರಾದಲ್ಲಿ ಜನ ಕಂಡಿರುವ ಎಟಿಆರ್ 72 ವಿಮಾನವನ್ನೇ ನೋಡಿ. ಜನ ಹತ್ತುವುದು ಹಿಂದಿನ ಬಾಗಿಲಿಂದ. ಮುಂದೆ, ಕಾಕ್‌ಪಿಟ್‌ಗೂ ಸೀಟುಗಳಿಗೂ ನಡುವೆ ಸಾಮಾನಿನ ಕೋಣೆ. ಹಿಂಭಾಗಕ್ಕೆ ಭಾರ ಜಾಸ್ತಿಯಾದರೆ ಮೂತಿ ಮೇಲೇಳಬಹುದು. ಅದಕ್ಕೇ ನಿಂತಾಗ ಬಾಲದ ಕೆಳಗೆ ಒಂದು ಕಂಬ ಊರುತ್ತಾರೆ. ಯಾರು ಎಲ್ಲಿ ಕೂತಿದ್ದಾರೆ, ಸಾಮಾನು ಎಲ್ಲಿದೆ, ಇಂಧನ ಎಷ್ಟಿದೆ ಎಂದು ಲೆಕ್ಕ ಹಾಕಿ ಒಂದು ಹಾಳೆ ತಯಾರಾಗುತ್ತದೆ. ಕ್ಯಾಪ್ಟನ್ ಅದನ್ನು ನೋಡಿ ಒಪ್ಪಬೇಕು. ಅರ್ಧ ತುಂಬಿದ ವಿಮಾನದಲ್ಲಿ ಐದಾರು ಜನ ಬೆಂಬಲಿಗರು ‘ಸಾಹೇಬರ ಹತ್ರಾನೇ ಕೂಡ್ತೀವಿ’ ಎಂದು ಸ್ಥಳ ಬದಲಿಸಿದರೆ ಆ ಹಾಳೆಯ ಲೆಕ್ಕ ಸುಳ್ಳಾಗುತ್ತದೆ.

ತುರ್ತು ಬಾಗಿಲ ಪಕ್ಕದ ಸೀಟಿಗೂ ಕಾರಣವಿದೆ. ಅಲ್ಲಿ ಕೂತವರು ಬೇಕಾದಾಗ ಬಾಗಿಲು ತೆಗೆಯಲು ಶಕ್ತರಿರಬೇಕು, ಬೇಡದಾಗ ಮುಟ್ಟಬಾರದು. ಕಾಲ ಬಳಿ ಬ್ಯಾಗ್ ಇಡುವ ಹಾಗಿಲ್ಲ. ಹೊಗೆ ತುಂಬಿದಾಗ ಆ ಬ್ಯಾಗ್ ಎಡವಿ ಬಿದ್ದವರ ಮೇಲೆ ಹಿಂದಿನವರು ಬೀಳುತ್ತಾರೆ.

ಪ್ರತಿ 50 ಸೀಟಿಗೆ ಒಬ್ಬ ಸಿಬ್ಬಂದಿ ಎಂಬುದು ನಿಯಮದ ಲೆಕ್ಕ. 78 ಸೀಟಿನ ಎಟಿಆರ್‌ಗೆ ಇಬ್ಬರು. ಸಾಮಾನ್ಯವಾಗಿ ಇಪ್ಪತ್ತರ ಹರೆಯದ ಇಬ್ಬರು ಯುವತಿಯರು. ಅವರನ್ನು ನಾವು ನೀರು, ಚಹಾ ಕೊಡುವವರೆಂದು ನೋಡುತ್ತೇವೆ. ಅವರ ತರಬೇತಿಯ ದೊಡ್ಡ ಭಾಗ ಬೆಂಕಿ, ಹೊಗೆ, ತುರ್ತು ಇಳಿಕೆ, 90 ಸೆಕೆಂಡಿನಲ್ಲಿ ವಿಮಾನ ಖಾಲಿ ಮಾಡಿಸುವುದು. ಆ 90 ಸೆಕೆಂಡಿನಲ್ಲಿ ಅವರ ಕೂಗಿಗೆ ಎಲ್ಲರೂ ತಕ್ಷಣ ಓಗೊಡಬೇಕು. ಮುಂದಿನ ಸೀಟಿನ ಗಣ್ಯರು ಅರ್ಧ ಗಂಟೆ ಮೊದಲೇ ಅವರ ಮಾತನ್ನು ಎಲ್ಲರೆದುರು ತಳ್ಳಿಹಾಕಿದ್ದರೆ, ಹಿಂದಿನ 70 ಜನ ಅದನ್ನು ನೋಡಿದ್ದಾರೆ. ಜಗಳದ ನಿಜವಾದ ನಷ್ಟ ಇದು. ಸಿಬ್ಬಂದಿಯ ಮರ್ಯಾದೆ ಹೋಗುವುದು ಒಂದು ಕಡೆ, ಅವರ ಮಾತಿಗಿದ್ದ ಬೆಲೆ ಹೋಗುವುದು ಇನ್ನೊಂದು ಕಡೆ. ಎರಡನೆಯದರ ಪಾಲು ಎಲ್ಲ ಪ್ರಯಾಣಿಕರಿಗೂ ಬರುತ್ತದೆ.

2017ರ ಎರಡು ವಾರ

ಈಗಿನ ನಿಯಮ ಹುಟ್ಟಿದ್ದು ನಮ್ಮ ನೆರೆಯ ಒಬ್ಬ ಸಂಸದರಿಂದ. 2017ರ ಮಾರ್ಚ್ 23ರಂದು ಉಸ್ಮಾನಾಬಾದ್‌ನ ಶಿವಸೇನಾ ಸಂಸದ ರವೀಂದ್ರ ಗಾಯಕವಾಡ್ ಪುಣೆಯಿಂದ ದೆಹಲಿಗೆ ಏರ್ ಇಂಡಿಯಾದಲ್ಲಿ ಹೋದರು. ಅವರ ಬಳಿ ಬಿಸಿನೆಸ್ ಕ್ಲಾಸ್ ಟಿಕೆಟ್ ಇತ್ತು. ಆ ವಿಮಾನದಲ್ಲಿ ಬಿಸಿನೆಸ್ ಕ್ಲಾಸೇ ಇರಲಿಲ್ಲ. ದೆಹಲಿಯಲ್ಲಿ ಇಳಿಯಲು ಒಪ್ಪಲಿಲ್ಲ. ಮನವೊಲಿಸಲು ಬಂದ ಹಿರಿಯ ಅಧಿಕಾರಿಗೆ ಚಪ್ಪಲಿಯಿಂದ ಹೊಡೆದರು. 25 ಸಲ ಹೊಡೆದೆ ಎಂದು ಕ್ಯಾಮೆರಾ ಮುಂದೆ ತಾವೇ ಹೇಳಿಕೊಂಡರು.

ಮರುದಿನ ಏರ್ ಇಂಡಿಯಾ ಮತ್ತು ದೊಡ್ಡ ಖಾಸಗಿ ಕಂಪನಿಗಳು ಅವರಿಗೆ ಟಿಕೆಟ್ ನಿರಾಕರಿಸಿದವು. ಸಂಸದರು ರೈಲು ಹತ್ತಬೇಕಾಯಿತು. ಲೋಕಸಭೆಯಲ್ಲಿ ಗದ್ದಲವಾಯಿತು. ಏಪ್ರಿಲ್ 6ರಂದು ಅವರು ವಿಮಾನಯಾನ ಸಚಿವರಿಗೆ ವಿಷಾದದ ಪತ್ರ ಬರೆದರು. ಮರುದಿನವೇ ಸಚಿವಾಲಯದ ಸೂಚನೆಯಂತೆ ನಿಷೇಧ ತೆರವಾಯಿತು. ಗಮನಿಸಿ, ವಿಷಾದ ಹೋದದ್ದು ಸಚಿವರಿಗೆ ಮತ್ತು ಸದನಕ್ಕೆ. ಹೊಡೆಸಿಕೊಂಡವರಿಗಲ್ಲ.

ಇಲ್ಲಿ ಎರಡು ಸಂಗತಿ ಹೊರಬಂದವು. ಕಂಪನಿಗಳು ಒಟ್ಟಾದರೆ ಎಂಥ ಪ್ರಬಲರನ್ನೂ ನೆಲದ ಮೇಲೆ ನಿಲ್ಲಿಸಬಹುದು. ಆದರೆ ಹಾಗೆ ನಿಲ್ಲಿಸುವುದಕ್ಕೆ ನಿಯಮದ ಆಧಾರ ಇರಲಿಲ್ಲ. ಆಧಾರವಿಲ್ಲದ ನಿಷೇಧ ಒಂದು ಫೋನ್ ಕರೆಗೆ ಬಿದ್ದುಹೋಗುತ್ತದೆ. ಆ ಜೂನ್‌ನಲ್ಲೇ ಇನ್ನೊಂದು ಪ್ರಕರಣ. ಅನಂತಪುರದ ಟಿಡಿಪಿ ಸಂಸದ ಜೆ.ಸಿ. ದಿವಾಕರ ರೆಡ್ಡಿ ವಿಶಾಖಪಟ್ಟಣದ ನಿಲ್ದಾಣಕ್ಕೆ ತಡವಾಗಿ ಬಂದು, ಕೌಂಟರ್‌ನ ಪ್ರಿಂಟರ್ ಎಸೆದರೆಂಬ ಆರೋಪ. ಆಗಲೂ ಕಂಪನಿಗಳ ನಿಷೇಧ, ಕೆಲವು ವಾರಗಳಲ್ಲಿ ತೆರವು. ಆಗ ವಿಮಾನಯಾನ ಸಚಿವರಾಗಿದ್ದ ಅಶೋಕ್ ಗಜಪತಿ ರಾಜು ಅವರದೇ ಪಕ್ಷದವರು. ನಿಯಮ ಬೇಕೆಂಬ ಒತ್ತಡಕ್ಕೆ ಈ ಎರಡು ಘಟನೆಗಳು ಸಾಕಾದವು.

ಮೂರು ಹಂತ, 30 ದಿನ

2017ರ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೊಸ ನಿಯಮ ಹೊರಡಿಸಿತು. ಬೈಗುಳ, ಕೈಸನ್ನೆಯ ಅವಮಾನ, ಕುಡಿದ ಗಲಾಟೆ ಮೊದಲ ಹಂತ, 3 ತಿಂಗಳವರೆಗೆ ನಿಷೇಧ. ತಳ್ಳುವುದು, ಹೊಡೆಯುವುದು, ಲೈಂಗಿಕ ಕಿರುಕುಳ ಎರಡನೇ ಹಂತ, 6 ತಿಂಗಳವರೆಗೆ. ಜೀವಕ್ಕೆ ಅಪಾಯ ತರುವ ಹಲ್ಲೆ, ವಿಮಾನದ ವ್ಯವಸ್ಥೆಗೆ ಹಾನಿ, ಕಾಕ್‌ಪಿಟ್‌ಗೆ ನುಗ್ಗುವ ಯತ್ನ ಮೂರನೇ ಹಂತ, ಕನಿಷ್ಠ 2 ವರ್ಷ.

ತೀರ್ಮಾನ ಮಾಡುವುದು ಕಂಪನಿಯ ಆಂತರಿಕ ಸಮಿತಿ. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜೊತೆಗೆ ಬೇರೆ ಕಂಪನಿಯ ಒಬ್ಬರು, ಪ್ರಯಾಣಿಕರ ಅಥವಾ ಗ್ರಾಹಕರ ಪರವಾಗಿ ಒಬ್ಬರು. ವಿಚಾರಣೆ ನಡೆಯುವಾಗ 30 ದಿನ ತಾತ್ಕಾಲಿಕ ನಿಷೇಧ ಹಾಕಬಹುದು. ಅಷ್ಟರೊಳಗೆ ಸಮಿತಿ ತೀರ್ಮಾನಿಸದಿದ್ದರೆ ಪ್ರಯಾಣಿಕರು ಮತ್ತೆ ಹಾರಲು ಮುಕ್ತರು. ಶಿಕ್ಷೆಯಾದವರು 60 ದಿನದಲ್ಲಿ ಮೇಲ್ಮನವಿ ಹಾಕಬಹುದು, ಆಮೇಲೆ ಹೈಕೋರ್ಟ್ ಇದೆ.

ಕಾಗದದ ಮೇಲೆ ಇದು ಒಳ್ಳೆಯ ನಿಯಮ. ಅದರ ಸಡಿಲು ಇರುವುದು ಎರಡು ಕಡೆ. ಒಂದು ಕಂಪನಿಯ ನಿಷೇಧವನ್ನು ಬೇರೆ ಕಂಪನಿಗಳು ಪಾಲಿಸಲೇಬೇಕೆಂದಿಲ್ಲ. ಮತ್ತೆ, ದೂರು ಸಮಿತಿಯವರೆಗೆ ಹೋಗಬೇಕಾದರೆ ಕಂಪನಿಯೇ ಕಳಿಸಬೇಕು. ಕ್ಯಾಪ್ಟನ್ ವರದಿ ಬರೆದ, ಕಂಪನಿ ಅದನ್ನು ಡ್ರಾಯರ್‌ನಲ್ಲಿ ಇಟ್ಟುಕೊಂಡಿತು ಎಂದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ.

ಬೆಳಗಾವಿಯಂಥ ಊರಲ್ಲಿ ಇದರ ಪರಿಣಾಮ ವಿಚಿತ್ರ. ಇಲ್ಲಿಗೆ ಬರುವ ಕಂಪನಿಗಳೇ ಬೆರಳೆಣಿಕೆಯಷ್ಟು. ಒಂದು ಕಂಪನಿ ನಿಷೇಧ ಹಾಕಿದರೆ ಸಾಮಾನ್ಯ ವ್ಯಾಪಾರಿಗೆ ಕೆಲವು ಊರುಗಳ ವಿಮಾನ ಪೂರ್ತಿ ಬಂದ್. ಸಾಹೇಬರಿಗೆ ಹಾಗಲ್ಲ. ಅವರಿಗೆ ಕಾರಿದೆ, ಬೇಕಾದರೆ ಬಾಡಿಗೆ ವಿಮಾನವೂ ಇದೆ. ಒಂದೇ ಶಿಕ್ಷೆ ಒಬ್ಬರಿಗೆ ಭಾರ, ಇನ್ನೊಬ್ಬರಿಗೆ ಹಗುರ.

ಕ್ಯಾಪ್ಟನ್‌ಗೆ ಅತ್ತ ದರಿ, ಇತ್ತ ಪುಲಿ

ಅಧಿಕಾರ ಇದ್ದೂ ಕ್ಯಾಪ್ಟನ್ ಯಾಕೆ ಹಿಂಜರಿಯುತ್ತಾರೆ? ಎರಡು ಪ್ರಕರಣ ಪಕ್ಕಪಕ್ಕ ಇಟ್ಟು ನೋಡಬೇಕು.

2020ರ ಜನವರಿ 28ರಂದು ಇಂಡಿಗೊ ವಿಮಾನದಲ್ಲಿ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ಟಿವಿ ಆ್ಯಂಕರ್ ಅರ್ನಬ್ ಗೋಸ್ವಾಮಿ ಅವರನ್ನು ಕೆಣಕುತ್ತ ಪ್ರಶ್ನೆ ಕೇಳಿ ವಿಡಿಯೊ ಮಾಡಿದರು. ಇಂಡಿಗೊ ಕೂಡಲೇ 6 ತಿಂಗಳ ನಿಷೇಧ ಹಾಕಿತು. ಬೇರೆ ಕಂಪನಿಗಳೂ ಹಾಗೇ ಮಾಡಲಿ ಎಂದು ಅಂದಿನ ವಿಮಾನಯಾನ ಸಚಿವರು ಬಹಿರಂಗವಾಗಿ ಸಲಹೆ ಕೊಟ್ಟರು. ಏರ್ ಇಂಡಿಯಾ, ಸ್ಪೈಸ್‌ಜೆಟ್, ಗೋಏರ್ ಹಿಂಬಾಲಿಸಿದವು. ಆ ವಿಮಾನದ ಕ್ಯಾಪ್ಟನ್ ಮಾತ್ರ ಕಂಪನಿಗೆ ಪತ್ರ ಬರೆದರು. ವರ್ತನೆ ಚೆನ್ನಾಗಿರಲಿಲ್ಲ, ಆದರೆ ಮೊದಲ ಹಂತದ ತಪ್ಪೂ ಅಲ್ಲ, ನನ್ನನ್ನು ಕೇಳದೆಯೇ ಕ್ರಮ ಕೈಗೊಂಡಿದ್ದೀರಿ ಎಂಬುದು ಅದರ ಸಾರ. ಕೊನೆಗೆ ಸಮಿತಿ ನಿಷೇಧವನ್ನು 3 ತಿಂಗಳಿಗೆ ಇಳಿಸಿತು. ಇಲ್ಲಿ ಸೋತದ್ದು ಕ್ಯಾಪ್ಟನ್ ಮಾತೇ. ಪ್ರಬಲರನ್ನು ಬಿಟ್ಟುಬಿಡಲು ಹೇಗೆ ಕ್ಯಾಪ್ಟನ್‌ರನ್ನು ಬದಿಗೆ ಸರಿಸುತ್ತಾರೋ, ಪ್ರಬಲರಿಗೆ ಬೇಡವಾದವರನ್ನು ಶಿಕ್ಷಿಸಲೂ ಹಾಗೇ ಸರಿಸಬಹುದು.

2022ರ ನವೆಂಬರ್ 26ರ ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ ವಿಮಾನದ್ದು ತದ್ವಿರುದ್ಧ ಕಥೆ. ದೊಡ್ಡ ಕಂಪನಿಯೊಂದರ ಅಧಿಕಾರಿ ಕುಡಿದ ಅಮಲಿನಲ್ಲಿ ವೃದ್ಧ ಮಹಿಳೆಯ ಮೇಲೆ ಮೂತ್ರ ಮಾಡಿದರೆಂಬ ಆರೋಪ. ವಿಮಾನ ಇಳಿದಾಗ ಪೊಲೀಸರಿಗೆ ಒಪ್ಪಿಸಲಿಲ್ಲ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಪ್ರಯತ್ನ ನಡೆಯಿತು ಎಂದು ದೂರಿನಲ್ಲಿದೆ. ಜನವರಿಯಲ್ಲಿ ಸುದ್ದಿ ಹೊರಬಿತ್ತು. ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಕ್ಯಾಪ್ಟನ್ ಲೈಸೆನ್ಸ್ 3 ತಿಂಗಳು ಅಮಾನತು ಮಾಡಿತು. ಆರೋಪಿಗೆ ಕಂಪನಿಯ ಸಮಿತಿ ಹಾಕಿದ ನಿಷೇಧ 4 ತಿಂಗಳು. ಪೈಲಟ್ ಸಂಘಗಳು ಅಮಾನತನ್ನು ವಿರೋಧಿಸಿದವು.

ಎರಡನ್ನೂ ಓದಿದ ಕ್ಯಾಪ್ಟನ್‌ಗೆ ಸಿಗುವ ಪಾಠ ಏನು? ಬಿಗಿಯಾಗಿ ನಡೆದುಕೊಂಡರೆ ಕಂಪನಿ ಬೆನ್ನಿಗೆ ನಿಲ್ಲುತ್ತದೆಂಬ ಭರವಸೆ ಇಲ್ಲ. ಸಡಿಲ ಬಿಟ್ಟರೆ, ಸುದ್ದಿಯಾದಾಗ ಲೈಸೆನ್ಸ್ ಹೋಗುತ್ತದೆ. ಸುದ್ದಿಯಾಗದಿದ್ದರೆ ಏನೂ ಆಗುವುದಿಲ್ಲ. ಹಾಗಾಗಿ ‘ಸುದ್ದಿಯಾಗದಿರಲಿ’ ಎಂಬುದೇ ಎಲ್ಲರ ಮೊದಲ ಯೋಚನೆಯಾಗುತ್ತದೆ.

ಸುದ್ದಿ ತಡೆಹಿಡಿಯುವ ಈ ಚಟ ಗಲಾಟೆಯೇ ಇಲ್ಲದ ಘಟನೆಗಳಲ್ಲೂ ಕಾಣುತ್ತದೆ. 2022ರ ಡಿಸೆಂಬರ್ 10ರಂದು ಚೆನ್ನೈನಲ್ಲಿ ನಿಂತಿದ್ದ ಇಂಡಿಗೊ ಎಟಿಆರ್ ವಿಮಾನದ ತುರ್ತು ಬಾಗಿಲು ತೆರೆದುಕೊಂಡಿತು. ತಪಾಸಣೆ ಮುಗಿಸಿ ಹೊರಡಲು ತಡವಾಯಿತು. ವಿಷಯ ಜನಕ್ಕೆ ಗೊತ್ತಾದದ್ದು ಒಂದು ತಿಂಗಳು ದಾಟಿದ ಮೇಲೆ. ಕಂಪನಿಯ ಹೇಳಿಕೆಯಲ್ಲಿ ಬರೀ ‘ಒಬ್ಬ ಪ್ರಯಾಣಿಕ’ ಎಂದಿತ್ತು. ಅದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ, ಬೇಕೆಂದು ಮಾಡಿದ್ದಲ್ಲ, ಅವರೇ ತಿಳಿಸಿ ಕ್ಷಮೆ ಕೇಳಿದ್ದಾರೆ ಎಂದು ಅಂದಿನ ವಿಮಾನಯಾನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಆಮೇಲೆ ಹೇಳಿದರು. ನಿಯಮದಂತೆ ವರದಿಯಾಗಿದೆ, ಸುರಕ್ಷತೆಗೆ ಧಕ್ಕೆಯಾಗಿಲ್ಲ ಎಂದು ಡಿಜಿಸಿಎ ಹೇಳಿತು. ಇದನ್ನೇ ಆ ವಾರವೇ ಹೇಳಿದ್ದರೆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ಠಾಣೆಯಲ್ಲಿ ಕೇಸು ತೆಳುವಾಗುವುದು ಹೇಗೆ

ವಿಮಾನ ಸಾಂಬ್ರಾದಲ್ಲಿ ಇಳಿಯಿತು, ಕ್ಯಾಪ್ಟನ್ ದೂರು ಕೊಟ್ಟರು ಎಂದುಕೊಳ್ಳಿ. ಪ್ರಕರಣ ಹೋಗುವುದು ಮಾರೀಹಾಳ ಠಾಣೆಗೆ. ಅಲ್ಲಿ ಏನಾಗುತ್ತದೆ?

ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ ಮಾಡಿ ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಇದೆ. ಹಳೆಯ ದಂಡ ಸಂಹಿತೆಯ 353. ಪೊಲೀಸರಿಗೆ ಬಾಯಿಪಾಠ. ಆದರೆ ಖಾಸಗಿ ಕಂಪನಿಯ ಗಗನಸಖಿ ಸರ್ಕಾರಿ ನೌಕರಳಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋದ ಮೇಲೆ ಅದರ ಸಿಬ್ಬಂದಿಗೂ ಆ ಕವಚ ಸಿಗುವುದು ಕಷ್ಟ. ಉಳಿಯುವುದು ಸಾದಾ ಹಲ್ಲೆಯ ಸೆಕ್ಷನ್. ಒಂದು ಕಪಾಳಮೋಕ್ಷ, ದೊಡ್ಡ ಗಾಯವಿಲ್ಲ ಎಂದರೆ ಅದು ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ತನಿಖೆ ಮಾಡುವ ಅಪರಾಧವೇ ಅಲ್ಲ. ಕೋರ್ಟಿನ ಅನುಮತಿ ಬೇಕು.

ಹಾಗಾದರೆ ವಿಮಾನ ಕಾಯ್ದೆಯಡಿ ಹೋಗೋಣ ಎಂದರೆ ಅಲ್ಲೂ ಒಂದು ಗೇಟಿದೆ. ಇದು ಸ್ಪಷ್ಟವಾದದ್ದು ಜಾರ್ಖಂಡ್‌ನ ದೇವಘರ್ ಪ್ರಕರಣದಲ್ಲಿ. 2022ರ ಆಗಸ್ಟ್ 31ರಂದು ಸಂಜೆ ಕತ್ತಲಾದ ಮೇಲೆ ತಮ್ಮ ಬಾಡಿಗೆ ವಿಮಾನಕ್ಕೆ ಹೊರಡಲು ಅನುಮತಿ ಕೊಡುವಂತೆ ಸಂಸದರಾದ ನಿಶಿಕಾಂತ್ ದುಬೆ, ಮನೋಜ್ ತಿವಾರಿ ಮತ್ತಿತರರು ನಿಯಂತ್ರಣ ಕೊಠಡಿಗೆ ಹೋಗಿ ಒತ್ತಡ ಹಾಕಿದರೆಂಬ ದೂರು. ಅವರು ಆರೋಪ ಒಪ್ಪಲಿಲ್ಲ. ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತು. 2025ರ ಜನವರಿ 21ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ವಿಮಾನ ಕಾಯ್ದೆಯ ಅಪರಾಧವನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ವಿಮಾನಯಾನ ಪ್ರಾಧಿಕಾರದ ದೂರು ಅಥವಾ ಅನುಮತಿ ಬೇಕು, ಪೊಲೀಸರು ಸಂಗ್ರಹಿಸಿದ್ದನ್ನು ಅವರಿಗೆ ಕಳಿಸಬಹುದು, ಮುಂದಿನದ್ದು ಅವರ ತೀರ್ಮಾನ ಎಂದಿತು.

ತೀರ್ಪಿನ ತರ್ಕ ಗಟ್ಟಿಯಾಗಿದೆ. ವಿಮಾನಯಾನದ ತಾಂತ್ರಿಕ ತಪ್ಪು ಯಾವುದು ಎಂದು ತಜ್ಞರೇ ಹೇಳಲಿ ಎಂಬುದು ಸರಿಯಾದದ್ದೇ. ರಾಜಕೀಯ ದ್ವೇಷಕ್ಕೆ ಸ್ಥಳೀಯ ಠಾಣೆ ಬಳಕೆಯಾಗದಂತೆ ಅದು ತಡೆಯುತ್ತದೆ. ಆದರೆ ಅದರ ಇನ್ನೊಂದು ಫಲವೂ ಇದೆ. ಮಾರೀಹಾಳದ ಇನ್‌ಸ್ಪೆಕ್ಟರ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಕಡತ ದೆಹಲಿಗೆ, ಡಿಜಿಸಿಎಗೆ ಹೋಗಬೇಕು. ದೆಹಲಿಯ ಕಚೇರಿ ಸುಮ್ಮನೆ ಕೂತರೆ ಕೇಸು ಅಲ್ಲೇ ನಿಂತಿತು.

ಸಮವಸ್ತ್ರದ ನೌಕರರಿಗೆ ಇನ್ನೊಂದು ಭಯ ಪ್ರತಿದೂರಿನದು. ಇದೇ ಮಾರೀಹಾಳ ಠಾಣೆಯ ವ್ಯಾಪ್ತಿಯಲ್ಲಿ, 2025ರ ಫೆಬ್ರವರಿಯಲ್ಲಿ ಬಾಳೇಕುಂದ್ರಿಯ ಬಳಿ ಸಾರಿಗೆ ಬಸ್ಸಿನ ಕಂಡಕ್ಟರ್ ಮೇಲೆ ಹಲ್ಲೆಯಾಯಿತು. ಕರ್ನಾಟಕ–ಮಹಾರಾಷ್ಟ್ರ ಬಸ್ ಸಂಚಾರವೇ ನಿಂತಿತು. ಹೊಡೆಸಿಕೊಂಡ ಕಂಡಕ್ಟರ್ ಮೇಲೆಯೇ ಪೋಕ್ಸೊ ಪ್ರಕರಣ ದಾಖಲಾಯಿತು. ಭಾರಿ ವಿರೋಧ ಬಂದ ಮೇಲೆ ದೂರು ಕೊಟ್ಟ ಕುಟುಂಬದವರು ಅದನ್ನು ಮುಂದುವರಿಸುವುದಿಲ್ಲ ಎಂದರು. ಆ ಕಂಡಕ್ಟರ್ ಹಿಂದೆ ಸಾರಿಗೆ ಸಂಸ್ಥೆ, ನೌಕರರ ಸಂಘ, ಕನ್ನಡ ಸಂಘಟನೆಗಳು ನಿಂತವು. ವಾರಕ್ಕೆ ನಾಲ್ಕು ಊರು ಸುತ್ತುವ, ಬೆಳಗಾವಿಯಲ್ಲಿ ಯಾರ ಪರಿಚಯವೂ ಇಲ್ಲದ ಗಗನಸಖಿಯ ಹಿಂದೆ ಯಾರು ನಿಲ್ಲುತ್ತಾರೆ? ಹೇಳಿಕೆ ಕೊಡಲು, ಗುರುತು ಹಿಡಿಯಲು, ಸಾಕ್ಷಿ ನುಡಿಯಲು ಅವಳು ಪದೇ ಪದೇ ಇಲ್ಲಿಗೆ ಬರಬೇಕು. ಎಷ್ಟೋ ಕೇಸುಗಳು ಸಾಯುವುದು ಇಂಥ ಅಲೆದಾಟಕ್ಕೆ.

ಪ್ರಯಾಣಿಕರ ಸಿಟ್ಟಿಗೂ ಕಾರಣವಿದೆ

ಇದರ ಎದುರಿನ ವಾದವನ್ನು ಹಗುರ ಮಾಡಬಾರದು. ‘ಗಲಾಟೆ ಪ್ರಯಾಣಿಕ’ ಎಂಬ ಹಣೆಪಟ್ಟಿ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲೂ ಬಳಕೆಯಾಗಬಹುದು. ಟಿಕೆಟ್ ಕೊಂಡವರಿಗೆ ವಿಮಾನ ಯಾಕೆ ತಡ ಎಂದು ಕೇಳುವ ಹಕ್ಕಿದೆ. ಅರ್ಧ ಗಂಟೆ ಎನ್ನುತ್ತ ಐದು ಗಂಟೆ ಕೂರಿಸಿದರೆ ಯಾರ ತಾಳ್ಮೆಯೂ ಕೆಡುತ್ತದೆ. 2024ರ ಜನವರಿಯಲ್ಲಿ ದೆಹಲಿ–ಗೋವಾ ವಿಮಾನದಲ್ಲಿ ತಡವಾಗುವುದನ್ನು ಹೇಳುತ್ತಿದ್ದ ಪೈಲಟ್‌ಗೆ ಪ್ರಯಾಣಿಕರೊಬ್ಬರು ಗುದ್ದಿದರು. ಗುದ್ದಿದ್ದು ತಪ್ಪೇ. ಆದರೆ ಆಮೇಲೆ ಡಿಜಿಸಿಎ, ವಿಳಂಬದ ನಿಖರ ಮಾಹಿತಿ ಸಕಾಲದಲ್ಲಿ ಕೊಡಿ ಎಂದು ಕಂಪನಿಗಳಿಗೆ ಹೊಸ ಸೂಚನೆ ಹೊರಡಿಸಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ವಿಮಾನ ರದ್ದಾದಾಗ ಜನರ ಬೈಗುಳ ತಿಂದದ್ದು ಕೌಂಟರ್‌ನಲ್ಲಿ ನಿಂತ ಹುಡುಗ ಹುಡುಗಿಯರು. ವೇಳಾಪಟ್ಟಿ ಮಾಡಿದವರು ಅವರಲ್ಲ.

ಹಾಗಾಗಿ ಎರಡು ಬೇರೆ ಸಂಗತಿಗಳನ್ನು ಬೇರೆಯಾಗಿಯೇ ಇಡಬೇಕು. ಸೇವೆಯ ಬಗ್ಗೆ ತಕರಾರು ಕಂಪನಿಯ ಮೇಲಿನದು, ಅದಕ್ಕೆ ಗ್ರಾಹಕ ಆಯೋಗ ಇದೆ, ಗಟ್ಟಿಯಾಗಿ ಕೇಳಬೇಕು. ಸುರಕ್ಷತೆಯ ಸೂಚನೆ ಕ್ಯಾಪ್ಟನ್‌ದು, ಅದನ್ನು ಅಲ್ಲೇ ಪಾಲಿಸಿ ಆಮೇಲೆ ತಕರಾರು ಹೇಳಬೇಕು. ನೆಲದ ಮೇಲೆ ವಾದಕ್ಕೆ ಸಮಯವಿದೆ, ಮೇಲೆ ಇಲ್ಲ.

ಕಂಪನಿ ಯಾಕೆ ಹಿಂದೆ ಸರಿಯುತ್ತದೆ

ಮಾರ್ಗ, ಸಮಯ, ನಿಲ್ದಾಣದ ಜಾಗ, ಸಬ್ಸಿಡಿ, ಎಲ್ಲವೂ ಸರ್ಕಾರದ ಕೈಯಲ್ಲಿದೆ. ಸಣ್ಣ ಊರಿನ ಮಾರ್ಗ ಉಳಿಯಬೇಕಾದರೆ ಸ್ಥಳೀಯ ಸಂಸದರ ಒತ್ತಾಸೆ ಬೇಕು. ಅದೇ ಸಂಸದರ ಕಡೆಯವರು ಗಲಾಟೆ ಮಾಡಿದರೆ ಕಂಪನಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಹಿಡಿಯುತ್ತದೆ. ಹೆಚ್ಚಿನ ಸಲ ಮುರಿಯುವುದು ಕೆಳಗಿನ ನೌಕರರ ಬೆನ್ನು.

2023ರ ಜುಲೈ 27ರಂದು ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಏರ್‌ಏಷ್ಯಾ ವಿಮಾನ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರನ್ನು ಬಿಟ್ಟು ಹಾರಿತು. ಅವರು ರಾಯಚೂರಿನ ಘಟಿಕೋತ್ಸವಕ್ಕೆ ಹೋಗುವವರಿದ್ದರು. ಶಿಷ್ಟಾಚಾರ ಉಲ್ಲಂಘನೆಯೆಂದು ಪೊಲೀಸರಿಗೆ ದೂರು ಹೋಯಿತು. ಕಂಪನಿ ವಿಷಾದ ಹೇಳಿ ತನಿಖೆಗೆ ಆದೇಶಿಸಿತು. ಅಲ್ಲಿ ಗಲಾಟೆ ನಡೆದಿಲ್ಲ, ರಾಜ್ಯಪಾಲರು ಬೇರೆ ವಿಮಾನ ಹಿಡಿದು ಹೋದರು. ಆದರೆ ದೇಶದ ಎಲ್ಲ ನಿಲ್ದಾಣಗಳ ನೌಕರರು ಈ ಸುದ್ದಿ ಓದಿರುತ್ತಾರೆ. ಮುಂದಿನ ಸಲ ಗಣ್ಯರು ತಡವಾದಾಗ ಬಾಗಿಲು ಮುಚ್ಚಲು ಅವರ ಕೈ ನಡುಗುತ್ತದೆ.

ಗಣ್ಯರೇ ಕಂಪನಿಯ ಒಡೆಯರಾದರೆ ಏನಾಗುತ್ತದೆಂದು ಕೊರಿಯಾ ತೋರಿಸಿದೆ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕೊರಿಯನ್ ಏರ್ ಉಪಾಧ್ಯಕ್ಷೆ, ಅಧ್ಯಕ್ಷರ ಮಗಳು, ಹೀಥರ್ ಚೋ ತಮಗೆ ಬೀಜಗಳನ್ನು ತಟ್ಟೆಯಲ್ಲಿ ಕೊಡದೆ ಪೊಟ್ಟಣದಲ್ಲಿ ಕೊಟ್ಟರೆಂದು ರೇಗಿ, ಚಲಿಸುತ್ತಿದ್ದ ವಿಮಾನವನ್ನು ಗೇಟಿಗೆ ಮರಳಿಸಿ, ಮುಖ್ಯ ಸಿಬ್ಬಂದಿಯನ್ನು ಕೆಳಗಿಳಿಸಿದರು. ಕ್ಯಾಪ್ಟನ್ ಒಪ್ಪಿಕೊಂಡರು. ಕೆಳಗಿನ ಕೋರ್ಟ್ 1 ವರ್ಷ ಜೈಲು ವಿಧಿಸಿತು. ಮೇಲಿನ ಕೋರ್ಟ್ ಅದನ್ನು ಇಳಿಸಿ ಅಮಾನತಿನಲ್ಲಿಟ್ಟಿತು.

ಬಾಡಿಗೆ ವಿಮಾನದಲ್ಲಿ ಇನ್ನೂ ಕಷ್ಟ

ಚುನಾವಣೆ ಬಂತೆಂದರೆ ಈ ಭಾಗದ ಹೊಲಗಳಲ್ಲೂ ಹೆಲಿಕಾಪ್ಟರ್ ಇಳಿಯುತ್ತವೆ. ಅಲ್ಲಿ ಬೇರೆ ಪ್ರಯಾಣಿಕರಿಲ್ಲ, ಮೊಬೈಲ್ ಹಿಡಿದು ವಿಡಿಯೊ ಮಾಡುವವರಿಲ್ಲ. ದುಡ್ಡು ಕೊಟ್ಟವರೇ ಕೂತಿರುತ್ತಾರೆ. ‘ಸಭೆಗೆ ತಡವಾಯ್ತು, ಏನಾಗ್ತದ, ಹೋಗ್ರಿ’ ಎಂದರೆ ಪೈಲಟ್ ಏನು ಮಾಡಬೇಕು?

ಪೋಲೆಂಡ್‌ನ ಕಥೆ ಇದಕ್ಕೆ ಹತ್ತಿರದ್ದು. 2008ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲೆಖ್ ಕಚಿನ್‌ಸ್ಕಿ ಯುದ್ಧ ನಡೆದಿದ್ದ ಜಾರ್ಜಿಯಾದ ಟಿಬಿಲಿಸಿಗೇ ಇಳಿಯಬೇಕೆಂದರು. ಕ್ಯಾಪ್ಟನ್ ಅಪಾಯವೆಂದು ನಿರಾಕರಿಸಿ ಅಜರ್‌ಬೈಜಾನ್‌ನಲ್ಲಿ ಇಳಿಸಿದರು. ಅವರನ್ನು ಬಹಿರಂಗವಾಗಿ ಹೇಡಿ ಎನ್ನುವ ಮಾತು ಬಂತು. 2010ರ ಏಪ್ರಿಲ್ 10ರಂದು ಅದೇ ಅಧ್ಯಕ್ಷರಿದ್ದ ವಿಮಾನ ರಷ್ಯಾದ ಸ್ಮೋಲೆನ್‌ಸ್ಕ್‌ನ ದಟ್ಟ ಮಂಜಿನಲ್ಲಿ ಬಿದ್ದು 96 ಜನ ಸತ್ತರು. ಅಂದಿನ ಕ್ಯಾಪ್ಟನ್ 2008ರ ಆ ಹಾರಾಟದಲ್ಲಿ ಸಹ ಪೈಲಟ್ ಆಗಿದ್ದವರು. ಒತ್ತಡ ಎಷ್ಟಿತ್ತು ಎಂಬ ಬಗ್ಗೆ ರಷ್ಯಾದ ತನಿಖೆ ಮತ್ತು ಪೋಲೆಂಡ್‌ನ ತನಿಖೆ ಒಂದೇ ಮಾತು ಹೇಳಲಿಲ್ಲ. ಆದರೆ ‘ಇಲ್ಲ’ ಎಂದವರಿಗೆ ಏನಾಯಿತು ಎಂಬುದನ್ನು ಆ ಸಹ ಪೈಲಟ್ ಹತ್ತಿರದಿಂದ ನೋಡಿದ್ದರು.

ಮುಂದೇನಾಗಬಹುದು

ನಿಷೇಧದ ಅವಧಿ ಇನ್ನಷ್ಟು ಹೆಚ್ಚಿಸುವ ಬೇಡಿಕೆ ಪ್ರತಿ ಘಟನೆಯ ಬೆನ್ನಿಗೆ ಬರುತ್ತದೆ. ಅದರಿಂದ ಬಲಿಯಾಗುವವರು ಹೆಚ್ಚಾಗಿ ಸಾಮಾನ್ಯರೇ. ಕುಡಿದ ಹುಡುಗ, ಬ್ಯಾಗಿನ ಜಗಳ ತೆಗೆದ ನೌಕರ. ಅವರ ಮೇಲೆ ಅದೇ ದಿನ ದೂರು, ಅದೇ ದಿನ ಬಂಧನ ಆಗುತ್ತದೆ. ಪ್ರಬಲರ ದೂರು ಸಮಿತಿಯವರೆಗೇ ಹೋಗದಿದ್ದರೆ ಶಿಕ್ಷೆ 6 ತಿಂಗಳಿದ್ದರೇನು, 6 ವರ್ಷವಿದ್ದರೇನು?

ಬದಲಾಗಬೇಕಾದದ್ದು ದೂರಿನ ದಾರಿ. ಕ್ಯಾಪ್ಟನ್ ವರದಿ ಕಂಪನಿಗೆ ಹೋಗುವ ಹೊತ್ತಿಗೇ ನೇರವಾಗಿ ಡಿಜಿಸಿಎಗೂ ಹೋಗಬೇಕು. ಆಗ ಅದನ್ನು ಡ್ರಾಯರ್‌ನಲ್ಲಿ ಇಡಲು ಆಗುವುದಿಲ್ಲ. ಸಮಿತಿ ಕ್ಯಾಪ್ಟನ್‌ರನ್ನು ಕೇಳದೆ ಹಂತ ನಿಗದಿ ಮಾಡಬಾರದು. ಕಾಮ್ರಾ ಪ್ರಕರಣದಂಥ ಆತುರಕ್ಕೂ ಇದು ತಡೆ. ಸಾಕ್ಷಿ ಹೇಳುವ ಸಿಬ್ಬಂದಿಗೆ ವಕೀಲರ ಖರ್ಚು, ಓಡಾಟದ ದಿನಗಳ ಸಂಬಳ ಕಂಪನಿಯೇ ಕೊಡಬೇಕು. ವಿಡಿಯೊ ಮೂಲಕ ಸಾಕ್ಷಿ ಹೇಳಲು ಈಗಿನ ಕಾನೂನಿನಲ್ಲೇ ಅವಕಾಶವಿದೆ. ಬೆಳಗಾವಿಯಂಥ ಊರುಗಳ ಪ್ರಕರಣಗಳಲ್ಲಿ ಅದನ್ನು ರೂಢಿ ಮಾಡಿದರೆ ಅಲೆದಾಟ ತಪ್ಪುತ್ತದೆ.

ದೇವಘರ್ ತೀರ್ಪಿನ ನಂತರ ಎಲ್ಲಕ್ಕಿಂತ ಮುಖ್ಯವಾದದ್ದು ಗಡುವು. ಠಾಣೆಯಿಂದ ಬಂದ ಕಡತದ ಮೇಲೆ ಇಷ್ಟು ದಿನದೊಳಗೆ ದೂರು ಹಾಕುತ್ತೇವೆ ಅಥವಾ ಇಲ್ಲ ಎಂದು ಡಿಜಿಸಿಎ ಕಾರಣ ಸಹಿತ ಲಿಖಿತವಾಗಿ ಹೇಳಬೇಕು. ‘ಇಲ್ಲ’ ಎಂದರೆ ಆ ಕಾರಣವನ್ನು ದೂರು ಕೊಟ್ಟ ಸಿಬ್ಬಂದಿ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಏನೂ ಹೇಳದೆ ಕೂತರೆ ಪ್ರಶ್ನಿಸಲು ಕೈಗೆ ಕಾಗದವೇ ಇರುವುದಿಲ್ಲ. ಇದಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡಬೇಕಿಲ್ಲ, ಡಿಜಿಸಿಎಯ ಒಂದು ಆದೇಶ ಸಾಕು.